ಹದಿನೇಳನೇ ಕೊಕ್ಕೆ

ಸೂರ್ಯ ಇನ್ನೂ ಪೂರ್ತಿ ತೆಂಗಿನ ತೋಟ ಬಿಟ್ಟು ಮೇಲೆದ್ದಿಲ್ಲ. ಕಡಲತೀರದ ತಗಡಿನ ಶೆಡ್ಡಿನ ಮುಂದೆ ಒಬ್ಬ ಹೆಂಗಸು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ರಬ್ಬರ್ ರೆಕ್ಕೆಗಳ ಒಳಗೆ ಕೈ ಹಾಕಿ ಪೌಡರ್ ಹಚ್ಚುತ್ತಿದ್ದಾರೆ. ಎಳೆಮಗುವಿಗೆ ಸ್ನಾನ ಮಾಡಿಸಿ ಹಚ್ಚುವ ಪೌಡರೇ. ಹಚ್ಚದಿದ್ದರೆ ರಬ್ಬರ್ ಒಂದಕ್ಕೊಂದು ಅಂಟಿ, ವರ್ಷ ಕಳೆಯುವುದರೊಳಗೆ ಬಿರುಕು ಬಿಡುತ್ತದೆ. ಈಜುವವರು ಕಾಲಿಗೆ ತೊಡುವ ಈ ರೆಕ್ಕೆಯನ್ನು ಊರೆಲ್ಲ ಫಿನ್ ಎನ್ನುತ್ತದೆ, ಇವರು ಮಾತ್ರ ‘ಜೋಡಿ’ ಎನ್ನುತ್ತಾರೆ. ಹಾಗಾಗಿ ತೀರದಲ್ಲಿ ಇವರು ಜೋಡಿಯಕ್ಕ. ಸ್ವಂತ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ.

ಮೊದಲ ಗಿರಾಕಿ ಬರುತ್ತಾನೆ. ದಷ್ಟಪುಷ್ಟ ಆಳು. ಬಂದವನೇ ಗೋಡೆಯ ಮೇಲಿನ ಅತಿ ಉದ್ದದ ಜೋಡಿಗೆ ಕೈ ಹಾಕುತ್ತಾನೆ.

“ಉದ್ದ ಇದ್ದಷ್ಟೂ ಜೋರಾಗಿ ಹೋಗುತ್ತಲ್ವಾ ಅಕ್ಕ?”

“ಹೋಗುತ್ತೆ, ನಿಮ್ಮನ್ನ ಬಿಟ್ಟು ಅದೊಂದೇ ಹೋಗುತ್ತೆ. ನೀವು ಏನ್ ಮಾಡೋಕೆ ಬಂದಿದ್ದೀರಿ, ಅದನ್ನ ಮೊದ್ಲು ಹೇಳಿ. ಮೇಲೆ ತೇಲ್ಕೊಂಡು ಕೆಳಗೆ ಮೀನು ನೋಡೋದಾ, ಆಳಕ್ಕೆ ಮುಳುಗೋದಾ, ಅಲೆ ಜೊತೆ ಮೈ ಬಿಟ್ಕೊಂಡು ದಡಕ್ಕೆ ಬರೋದಾ?”

ಅವನು ತಲೆ ಕೆರೆದುಕೊಳ್ಳುತ್ತಾನೆ. ಮೀನು ನೋಡಬೇಕಂತೆ. ಜೋಡಿಯಕ್ಕ ಬಕೆಟ್ ಮುಂದೆ ತಳ್ಳುತ್ತಾರೆ. “ಕಾಲು ಅದ್ದಿ. ಒಣ ಕಾಲು ಸುಳ್ಳು ಹೇಳುತ್ತೆ.” ಒದ್ದೆಯಾದ ಕಾಲಿಗೆ ಮೆತ್ತನೆಯ, ಮೋಟು ಜೋಡಿಯೊಂದನ್ನು ತೊಡಿಸಿ, ಹಿಮ್ಮಡಿ ಹಿಡಿದು ಎಳೆದು ನೋಡುತ್ತಾರೆ. ಹಿಮ್ಮಡಿ ಏಳಬಾರದು, ಬೆರಳು ಮಡಚಬಾರದು. ಆಳಕ್ಕೆ ಹೋಗುವವರಿಗೆ ಉದ್ದನೆಯ ಗಡಸು ಜೋಡಿ, ಹಿಂದೆ ಪಟ್ಟಿ, ಒಳಗೆ ರಬ್ಬರ್ ಬೂಟು. ಅಲೆಯಲ್ಲಿ ಆಡುವವರಿಗೆ ಗಿಡ್ಡನೆಯ ಗಟ್ಟಿ ಜೋಡಿ, ಕಳಚಿದರೂ ಕೊಚ್ಚಿಹೋಗದಂತೆ ಕಾಲಿಗೊಂದು ದಾರ. ಇಷ್ಟನ್ನೂ ದಿನಕ್ಕೆ ಐವತ್ತು ಅರವತ್ತು ಸಲ ಹೇಳುತ್ತಾರೆ. ಅಷ್ಟು ಜನರ ಪಾದ ಹಿಡಿದರೂ ಸಂಜೆಗೆ ಒಬ್ಬರ ಮುಖವೂ ನೆನಪಿರುವುದಿಲ್ಲ. ನೆನಪಿಟ್ಟುಕೊಂಡು ಮಾಡುವುದಾದರೂ ಏನು, ಅವರು ಫಿನ್ ತಗುಲಿಹಾಕಿ ಹೊರಟೇಬಿಡುತ್ತಾರೆ. ನೀರೊಳಗೆ ಏನು ಕಂಡಿತು ಅಂತ ಒಬ್ಬರೂ ಹೇಳುವುದಿಲ್ಲ.

ಗೋಡೆಯಲ್ಲಿ ನಲವತ್ತು ಕೊಕ್ಕೆಗಳಿವೆ. ಕೊಕ್ಕೆ ಖಾಲಿ ಇದೆ ಎಂದರೆ ಆ ಜೋಡಿಯ ಮನುಷ್ಯ ಇನ್ನೂ ನೀರಿನಲ್ಲಿದ್ದಾನೆ ಎಂದರ್ಥ. ಕೊಂಡೊಯ್ದವರೇ ವಾಪಸ್ ತಂದು ತಗುಲಿಹಾಕಬೇಕು, ಇದು ಶೆಡ್ಡಿನ ಕಾನೂನು. ಗಂಡ ಕೊಂಡೊಯ್ದದ್ದನ್ನು ಹೆಂಡತಿ ತಂದರೆ ಜೋಡಿಯಕ್ಕ ಮುಲಾಜಿಲ್ಲದೆ ವಾಪಸ್ ಅಟ್ಟುತ್ತಾರೆ. ಜನ ಮೂಗು ಮುರಿಯುತ್ತಾರೆ, ಮುರಿಯಲಿ.

ಈ ಕಾನೂನು ಮಾಡಿದ್ದು ಅವರ ಅಣ್ಣ. ಶೆಡ್ಡು ಕಟ್ಟಿದ್ದೂ ಅವನೇ, ಪಾದ ನೋಡುವುದನ್ನು ತಂಗಿಗೆ ಕಲಿಸಿದ್ದೂ ಅವನೇ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ತಂಗಿ ಗಿರಾಕಿಗಳ ಗದ್ದಲದಲ್ಲಿದ್ದಾಗ, ಹೊಸದಾಗಿ ಬಂದ ಗಡಸು ಜೋಡಿಯನ್ನು ಪರೀಕ್ಷಿಸಲು ಅಣ್ಣ ಹದಿನೇಳನೇ ಕೊಕ್ಕೆಯಿಂದ ತೆಗೆದುಕೊಂಡು ನೀರಿಗಿಳಿದ. ತಂಗಿ ನೋಡಲಿಲ್ಲ. ಗದ್ದಲ ಮುಗಿದ ಮೇಲೆ ಆ ಕೊಕ್ಕೆ ಬೋಳಾಗಿ ಕಂಡಿತು. ಅಲ್ಲಿಂದ ತಾನು ಯಾರಿಗೂ ಕೊಟ್ಟಿಲ್ಲವಲ್ಲ ಎಂದುಕೊಂಡು ಜೋಡಿಯಕ್ಕ ಪೆಟ್ಟಿಗೆಯಿಂದ ಇನ್ನೊಂದು ಹೊಸ ಜೋಡಿ ತೆಗೆದು ಚೆಂದಕ್ಕೆಂದು ಅಲ್ಲಿ ತಗುಲಿಸಿದರು. ಐದು ಗಂಟೆಗೆ ನೋಡಿದರೆ ಗೋಡೆ ಭರ್ತಿ! ಅಣ್ಣ ಆಗಲೇ ಹೋಗಿರಬೇಕೆಂದುಕೊಂಡು ಬಾಗಿಲು ಹಾಕಿ ಮನೆಗೆ ಹೋದರು.

“ಬೇರೆ ಯಾರೂ ಮಾಡದ ತಪ್ಪು ಅದು,” ಎನ್ನುತ್ತಾರೆ ಜೋಡಿಯಕ್ಕ. “ಅವನ ಮೀನಖಂಡ ಹಿಡ್ಕೊಂಡಿತ್ತಂತೆ. ಗೋಡೆ ನೋಡಿ ತಂಗಿ ದೋಣಿ ಕಳಿಸ್ತಾಳೆ ಅಂತ ತೇಲ್ತಾ ಕಾದನಂತೆ. ನಾನು ಮನೇಲಿ ಅನ್ನಕ್ಕೆ ಇಟ್ಟಿದ್ದೆ.”

ಒಂದೂವರೆ ಗಂಟೆಯ ನಂತರ ಮೀನು ಹಿಡಿಯುವವರ ದೋಣಿಗೆ ಅಣ್ಣ ಸಿಕ್ಕಿದ. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ತಂಗಿಯ ಮುಖ ನೋಡಿ, “ನನ್ನ ಬಿಟ್ಟು ಮನೆಗೆ ಹೋದ್ಯಲ್ಲ,” ಎಂದ. ಅದೇ ಕೊನೆಯ ಮಾತು. ಶೆಡ್ಡಿನ ಬೀಗದ ಕೈ ಹೆಂಡತಿಯ ಕೈಯಲ್ಲಿ ಕಳಿಸಿದ. ಈಗ ನಾಲ್ಕು ಬೀದಿ ಆಚೆಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಾರಿಯಲ್ಲಿ ತಂಗಿ ಕಂಡರೆ ಆಚೆ ಬದಿಗೆ ದಾಟುತ್ತಾನೆ.

ಜೋಡಿಯಕ್ಕನದು ಒಂದೇ ಕೋಣೆ. ಒಂದು ಮಂಚ, ಒಂದು ತಟ್ಟೆ, ಕೆಟ್ಟುಹೋದ ರೇಡಿಯೋ. ಸೋಮವಾರ ಶೆಡ್ಡಿಗೆ ರಜೆ. ಅವತ್ತು ಹಾಲಿನವನಿಗೆ “ಅರ್ಧ ಲೀಟರ್” ಎಂದರೆ ಮುಗಿಯಿತು, ಮಾರನೇ ದಿನದವರೆಗೆ ಬಾಯಿ ತೆರೆಯುವ ಕೆಲಸವಿಲ್ಲ. ಮಿಕ್ಕ ದಿನ ಮೂವತ್ತೊಂಬತ್ತು ಜೋಡಿ ಹೊರಗೆ ಹೋಗಿ ಮೂವತ್ತೊಂಬತ್ತು ಒಳಗೆ ಬರುತ್ತವೆ. ಹದಿನೇಳನೇ ಕೊಕ್ಕೆಗೆ ಏನನ್ನೂ ಹಾಕುವುದಿಲ್ಲ. ಆ ಜೋಡಿ ಅಣ್ಣನ ಹತ್ತಿರವೇ ಉಳಿದಿದೆ.

ಇವತ್ತು ಹತ್ತು ಗಂಟೆಗೆ ಅತ್ತಿಗೆ ಬಂದಿದ್ದಾರೆ. ಕಂಕುಳಲ್ಲಿ ಹಳೇ ಬೆಡ್‌ಶೀಟಿನ ಗಂಟು.

“ಮಂಚದ ಕೆಳಗಿತ್ತು ಕಣಮ್ಮ, ಗುಡಿಸೋಕೆ ಅಡ್ಡ. ಅವರಿಗೆ ಹೇಳಿಲ್ಲ. ನಿಂದು ನೀನಿಟ್ಕೋ, ಇಲ್ಲಾಂದ್ರೆ ಬಿಸಾಕು.”

ಜೋಡಿಯಕ್ಕ ಗಂಟು ಬಿಚ್ಚುತ್ತಾರೆ, ಒಳಗೆ ಹದಿನೇಳನೇ ಕೊಕ್ಕೆಯ ಜೋಡಿ. ಒಂಬತ್ತು ವರ್ಷದ ರಬ್ಬರ್ ಮುಟ್ಟಿದರೆ ಪುಡಿಯಾಗಬೇಕು. ಅವರು ರೆಕ್ಕೆಯ ಅಲಗನ್ನು ಹಿಡಿದು ನಿಧಾನವಾಗಿ ಬಾಗಿಸುತ್ತಾರೆ. ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಒಂದು ಗೆರೆ ಬಿರುಕಿಲ್ಲ. ಒಳಗೆ ಕೈ ಹಾಕಿ ಹೊರಗೆ ತೆಗೆದರೆ ಬೆರಳು ಬೆಳ್ಳಗೆ.

“ಅತ್ತಿಗೆ, ಇದಕ್ಕೆ ಪೌಡರ್ ಹಚ್ಚಿದ್ದು ನೀವಾ?”

“ಅಯ್ಯೋ, ನಾನ್ಯಾಕೆ ಹಚ್ಲಿ? ನಾನು ಮುಟ್ಟಿದ್ದೇ ಇವತ್ತು.”

ಜೋಡಿಯಕ್ಕ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಗೋಡೆಯಲ್ಲಿ ಖಾಲಿ ಕೊಕ್ಕೆ ಎದುರಿಗೇ ಇದೆ, ಎದ್ದು ಕೈ ಚಾಚಿದರೆ ಆಯಿತು. ಅವರು ಜೋಡಿಯನ್ನು ಮೊದಲಿನಂತೆಯೇ ಬೆಡ್‌ಶೀಟಿನಲ್ಲಿ ಸುತ್ತಿ ಅತ್ತಿಗೆಯ ಕೈಗೆ ವಾಪಸ್ ಕೊಡುತ್ತಾರೆ.

“ಎಲ್ಲಿತ್ತೋ ಅಲ್ಲೇ ಇಟ್ಬಿಡಿ, ದಮ್ಮಯ್ಯ. ತಗೊಂಡು ಹೋಗಿದ್ದು ಅವನು. ತರಬೇಕಾದ್ದೂ ಅವನೇ.”

“ಇಬ್ಬರೂ ಒಂದೇ ಅಚ್ಚು,” ಎಂದು ಗೊಣಗುತ್ತ ಅತ್ತಿಗೆ ಮರಳು ತುಳಿದುಕೊಂಡು ಹೋಗುತ್ತಾರೆ.

ಬೋರ್ಡಿನ ಪ್ರಕಾರ ಶೆಡ್ಡು ಐದಕ್ಕೆ ಮುಚ್ಚಬೇಕು. ಐದಕ್ಕೆ ಜೋಡಿಯಕ್ಕ ಪ್ರತಿಯೊಂದು ಕೊಕ್ಕೆಯನ್ನೂ ಕೈಯಿಂದ ಮುಟ್ಟಿ, ಜೋಡಿ ನೀರಿಗಿಳಿದು ಬಂದದ್ದೇ ಎಂದು ಒದ್ದೆ ನೋಡಿ, ಮೂವತ್ತೊಂಬತ್ತು ಎಣಿಸುತ್ತಾರೆ. ಆಮೇಲೂ ಎದ್ದು ಹೋಗುವುದಿಲ್ಲ. ಆರರವರೆಗೆ ಸ್ಟೂಲಿನಲ್ಲಿ ಬೀದಿಯ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತು ವರ್ಷದಿಂದ ಹೀಗೇ. ತೀರದವರು ಇದನ್ನು ನೋಡಿ ನಕ್ಕು ನಕ್ಕು ಸುಸ್ತಾಗಿ ಈಗ ಬಿಟ್ಟಿದ್ದಾರೆ.

“ಮರೆತೇಬಿಟ್ಟಿದ್ದಾನೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ, ಬೆಳಗ್ಗೆ ಪೌಡರ್ ಅಂಟಿದ್ದ ಬೆರಳನ್ನು ನೋಡಿಕೊಳ್ಳುತ್ತ. “ಬೇಡದ ವಸ್ತುವಿಗೆ ಯಾರಾದ್ರೂ ಪೌಡರ್ ಹಚ್ತಾರಾ, ನೀವೇ ಹೇಳಿ? ಬರ್ಲಿ. ಬಂದು ಬಾಯ್ತುಂಬ ಬೈದು, ಅಲ್ಲಿ ತಗುಲಿಹಾಕ್ಲಿ. ಅವತ್ತು ಅವನು ಬರೋಕೆ ಮುಂಚೆ ಬಾಗಿಲು ಹಾಕ್ಬಿಟ್ಟೆ. ಈ ಸಲ ಹಾಕಲ್ಲ.”