ಟಕ್‌ಟಕ್ ಅಕ್ಕ ರಜೆಗೆ ಹೋದದ್ದು

ಹೆದ್ದಾರಿಯ ಈ ಬದಿಗೆ ಹಳೇ ಪಾರ್ಕು, ಆ ಬದಿಗೆ ಹೊಸ ಪಾರ್ಕು. ಹಳೇ ಪಾರ್ಕಿನವರು ಗೇಟಿಗೆ ಬಣ್ಣ ಬಳಿಸಿದರೆ ಹೊಸ ಪಾರ್ಕಿನವರು ಗೇಟನ್ನೇ ಕೆಡವಿ ದೊಡ್ಡದು ಕಟ್ಟಿಸುತ್ತಾರೆ. ಇವರು ಬಾಗಿಲಲ್ಲಿ ಆನೆಯ ಬೊಂಬೆ ನಿಲ್ಲಿಸಿದರೆ ಅವರು ಕಣ್ಣು ಮಿಟುಕಿಸುವ ಆನೆ ತರುತ್ತಾರೆ. ಹಳೇ ಪಾರ್ಕಿನ ರೋಲರ್ ಕೋಸ್ಟರಿಗೆ ಹಸಿರು ಬಣ್ಣ, ಅದಕ್ಕೆ ‘ಹಾವು’ ಅಂತ ಹೆಸರು. ಹೊಸ ಪಾರ್ಕಿನವರು ತಮ್ಮದಕ್ಕೆ ಬೇಕಂತಲೇ ‘ಹದ್ದು’ ಎಂದು ಹೆಸರಿಟ್ಟು, ಹಾವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡ ಹದ್ದಿನ ಚಿತ್ರವನ್ನು ದಾರಿಯುದ್ದಕ್ಕೂ ನಿಲ್ಲಿಸಿದ್ದರು. ಓರಗಿತ್ತಿಯರ ನಡುವೆಯೂ ಇಷ್ಟು ಜಿದ್ದು ಇರುವುದಿಲ್ಲ. ಉಳಿದವರಿಗೆ ಇದು ತಮಾಷೆ. ಟಕ್‌ಟಕ್ ಅಕ್ಕನ ಮನೆಯಲ್ಲಿ ಮಾತ್ರ ಈ ಜಿದ್ದು ಊಟದ ತಟ್ಟೆಯ ತನಕ ಬಂದು ಕೂತಿತ್ತು. ಅವಳು ಹಳೇ ಪಾರ್ಕಿನ ರೈಡ್ ಮೆಕ್ಯಾನಿಕ್. ಅವಳ ಒಬ್ಬಳೇ ಮಗಳಿಗೆ ಈ ರಜೆಯಲ್ಲಿ ಹೊಸ ಪಾರ್ಕೇ ಬೇಕಾಗಿತ್ತು.

ಅಕ್ಕನಿಗೆ ಟಕ್‌ಟಕ್ ಎಂಬ ಹೆಸರು ಬಂದದ್ದು ಕೆಲಸದಿಂದ. ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಹೋದವಳು ಮೊದಲು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಹಾವಿನ ಹಳಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತುತ್ತಾಳೆ. ತುದಿಯ ತನಕ ಒಂದೊಂದು ಬೋಲ್ಟಿಗೂ ಕೈ ಮುಟ್ಟಿಸಿ ಇಳಿಯುತ್ತಾಳೆ. ಆಮೇಲೆ ಇಪ್ಪತ್ತೆಂಟು ಸೀಟಿಗೆ ಇಪ್ಪತ್ತೆಂಟು ಮರಳಿನ ಚೀಲ ಕೂರಿಸಿ ಬಂಡಿ ಬಿಡುತ್ತಾರೆ. ಚೀಲಗಳು ಕ್ಷೇಮವಾಗಿ ಹಿಂದಿರುಗಿದ ಮೇಲೆ ಅವಳೇ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಚಕ್ರದ ಸದ್ದು ಕೇಳುತ್ತ ಒಂದು ಸುತ್ತು ಬರುತ್ತಾಳೆ. ಗೇಟು ತೆರೆದು ಜನ ಬಂದು ಕೂತಾಗ, ತೊಡೆಯ ಮೇಲೆ ಇಳಿಸಿಕೊಳ್ಳುವ ಸರಳನ್ನು ಪ್ರತಿಯೊಬ್ಬರ ಮುಂದೆಯೂ ಎರಡು ಸಲ ಮೇಲಕ್ಕೆ ಎಳೆದು ನೋಡುತ್ತಾಳೆ. ಟಕ್, ಟಕ್. ಕೂತವರು ಮಂತ್ರಿಯಾಗಲಿ, ಮೂರಡಿ ಮಗುವಾಗಲಿ, ಎರಡು ಎಳೆತ ತಪ್ಪುವುದಿಲ್ಲ.

ಈ ಎರಡೆಳೆತ ಕಲಿಸಿದವರು ಹಿಂದಿನ ಮೇಸ್ತ್ರಿ. ಹದಿನೆಂಟು ವರ್ಷದ ಕೆಳಗೆ ಅವಳು ಆ ಪಾರ್ಕಿಗೆ ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ರೈಡುಗಳ ಕೆಳಗೆ ಗುಡಿಸುವಾಗ ಸಿಕ್ಕಿದ ನಟ್ಟು, ವಾಷರುಗಳನ್ನು ಬೇರೆಯವರು ಕಸದ ಜೊತೆ ಎಸೆಯುತ್ತಿದ್ದರು. ಇವಳು ಒಂದೊಂದನ್ನೂ ಚೀಟಿಯಲ್ಲಿ ಸುತ್ತಿ, ಯಾವ ಕಂಬದ ಕೆಳಗೆ ಸಿಕ್ಕಿತೆಂದು ಬರೆದು, ಮೇಸ್ತ್ರಿಯ ಮೇಜಿನ ಮೇಲಿಡುತ್ತಿದ್ದಳು. ಮೂರು ವಾರ ನೋಡಿದ ಮೇಸ್ತ್ರಿ, “ಪೊರಕೆ ಬಿಸಾಕಿ ಸ್ಪ್ಯಾನರ್ ಹಿಡ್ಕೊಳಮ್ಮ” ಅಂದರು. ಹೆಣ್ಣು ಹೆಂಗಸು ಕಂಬ ಹತ್ತುವುದೆಂದರೇನು ಅಂತ ಮೂಗು ಮುರಿದವರಿಗೆ ಲೆಕ್ಕವಿಲ್ಲ. ಮೂವತ್ತೊಂದನೇ ವಯಸ್ಸಿನಲ್ಲಿ ಸುರಕ್ಷತೆಯ ಪರೀಕ್ಷೆ ಪಾಸು ಮಾಡಿದಳು. ಮೇಸ್ತ್ರಿ ನಿವೃತ್ತರಾದಾಗ ಮೂಗು ಮುರಿದವರೆಲ್ಲ ಅವಳ ಕೈಕೆಳಗೇ ಬಂದರು. ನನ್ನನ್ನು ಕೇಳಿದರೆ ಅವರಿಗೆ ಅಷ್ಟಾದರೂ ಆಗಬೇಕಿತ್ತು.

ಇಷ್ಟೆಲ್ಲ ಇದ್ದೂ ಅವಳ ಎದೆಯಲ್ಲಿ ಒಂದು ಮುಳ್ಳಿತ್ತು. ಹೋದ ವರ್ಷ ಮಗಳ ಶಾಲೆಯವರು ಮಕ್ಕಳನ್ನು ಹಳೇ ಪಾರ್ಕಿಗೆ ಕರೆತಂದಿದ್ದರು. ಅವತ್ತು ಚಕ್ರ ಬದಲಿಸಲೆಂದು ಹಾವನ್ನು ನಿಲ್ಲಿಸಿದ್ದರು. ಅವಳು ಮೂವತ್ತಡಿ ಮೇಲೆ, ಮೊಣಕೈ ತನಕ ಗ್ರೀಸು ಮೆತ್ತಿಕೊಂಡು ಕೂತಿದ್ದಳು. ಕೆಳಗೆ ಸಾಲಿನಲ್ಲಿ ಮಗಳನ್ನು ಕಂಡದ್ದೇ ತಡ, ಸಂತೋಷ ತಡೆಯಲಾರದೆ ಕೈ ಬೀಸಿ, “ಪುಟ್ಟೀ! ಏ ಪುಟ್ಟೀ!” ಎಂದು ಕೂಗಿದಳು. ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯದೆ ಇಡೀ ಶಾಲೆ ತಲೆಯೆತ್ತಿ ನೋಡಿತು. ಪುಟ್ಟಿ ಮಾತ್ರ ನೋಡಲಿಲ್ಲ. ತಲೆ ತಗ್ಗಿಸಿ ಗೆಳತಿಯ ಬೆನ್ನ ಹಿಂದೆ ಸರಿದುಬಿಟ್ಟಳು. ಗಂಡ ಶಾಲೆಯ ವ್ಯಾನು ಓಡಿಸುವವನು. ಒಂದು ವಾರದ ಮೇಲೆ, ಹೇಳಬಾರದಿತ್ತು, ಆದರೂ ಬಾಯಿ ತಡೆಯದೆ ಹೇಳಿದ: “ವ್ಯಾನಲ್ಲಿ ಯಾರೋ ಪುಟ್ಟೀನ ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ರು ಕಣೆ. ಅಮ್ಮ ಪಾರ್ಕಿನ ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂರ್ತಾರೆ ಅಂದ್ಲು.”

ಅಂದಿನಿಂದ ಅವಳಿಗೆ ಒಂದೇ ಆಸೆ. ಮಗಳು ಒಂದು ಸಲ ಹಾವಿನ ಮೇಲೆ ಕೂರಬೇಕು. ಇಳಿದು ಬಂದು, ನಾಲ್ಕು ಜನರ ಮುಂದೆ, ಇದು ನಮ್ಮಮ್ಮ ನೋಡಿಕೊಳ್ಳುವ ರೈಡು ಅನ್ನಬೇಕು. ಕೆಲಸದವರ ಮನೆಯವರಿಗೆ ವರ್ಷಕ್ಕೊಂದು ದಿನ ಪಾರ್ಕಿಗೆ ಪುಕ್ಕಟೆ ಪ್ರವೇಶ. ಈ ಸಲ ಗಂಡನಿಗೂ ಅವಳಿಗೂ ಒಟ್ಟಿಗೇ ಬಿಡುವಿದ್ದದ್ದು ಬೇಸಿಗೆ ರಜೆಯ ಒಂದೇ ಒಂದು ದಿನ.

ಅಡುಗೆಮನೆಯಲ್ಲಿ ಸಭೆ ಸೇರಿತು. ಅತ್ತೆ ಬೀನ್ಸ್ ಮುರಿಯುತ್ತ ಕೂತಿದ್ದರು. ಪುಟ್ಟಿ ಒಂದು ಪಟ್ಟಿಯನ್ನೇ ಬರೆದು ತಂದಿದ್ದಳು.

“ಹಳೇ ಪಾರ್ಕಲ್ಲಿ ಹನ್ನೊಂದು ರೈಡು, ಹೊಸದ್ರಲ್ಲಿ ಇಪ್ಪತ್ತಾರು. ಹದ್ದು ಹಾವಿಗಿಂತ ಎರಡು ಪಟ್ಟು ಎತ್ತರ. ಅದೂ ಅಲ್ದೆ ನನ್ನ ಫ್ರೆಂಡ್ಸ್ ಎಲ್ಲ ಅವತ್ತೇ ಅಲ್ಲಿಗೆ ಬರ್ತಿದ್ದಾರೆ.”

“ಎತ್ತರ ಇದ್ರೆ ಆಯ್ತಾ?” ಎಂದಳು ಅಕ್ಕ. “ತೆಂಗಿನಮರಾನೂ ಎತ್ತರ ಇರುತ್ತೆ.”

“ನೆರಳಲ್ಲಿ ಬೆಂಚು ಎಲ್ಲಿದೆ ಅದನ್ನ ಹೇಳ್ರೇ ಮೊದ್ಲು,” ಎಂದರು ಅತ್ತೆ. “ನನ್ನ ಮಂಡಿಗೆ ಹಾವೂ ಬೇಡ, ಹದ್ದೂ ಬೇಡ.”

ಗಂಡ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ. “ಎರಡೂ ಚೆನ್ನಾಗೇ ಇದೆಯಪ್ಪ.”

ಮಾತಿಗೆ ಮಾತು ಬೆಳೆದು, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾದಾಗ ಅತ್ತೆ ಒಂದು ದಾರಿ ಹೇಳಿದರು. ನಾಲ್ಕು ಚೀಟಿ, ಒಂದು ಸ್ಟೀಲ್ ಲೋಟ. ಯಾರಿಗೆ ಯಾವುದು ಬೇಕೋ ಗುಟ್ಟಾಗಿ ಬರೆದು ಹಾಕುವುದು.

ಅಕ್ಕ ಚೀಟಿ ಹಿಡಿದುಕೊಂಡು ಬಚ್ಚಲ ಬಾಗಿಲ ಹತ್ತಿರ ನಿಂತಳು. ಹಳೇದು ಅಂತ ಬರೆಯಲು ಕೈ ತಯಾರಾಗಿತ್ತು. ಆದರೆ ಎಳೆದುಕೊಂಡು ಹೋದರೆ ಹುಡುಗಿ ಮುಖ ಊದಿಸಿಕೊಂಡು ಕೂರುತ್ತಾಳೆ, ಇಳಿದು ಬಂದು ಕಾಟಾಚಾರಕ್ಕೆ ‘ಚೆನ್ನಾಗಿತ್ತು’ ಅನ್ನುತ್ತಾಳೆ. ಹದಿನೆಂಟು ವರ್ಷದ ದುಡಿಮೆಗೆ ಕಾಟಾಚಾರದ ಹೊಗಳಿಕೆ ಅವಳಿಗೆ ಬೇಡವಾಗಿತ್ತು. ಬಂದರೆ ಮನಸಿಟ್ಟು ಬರಲಿ, ಇಲ್ಲದಿದ್ದರೆ ಹಾವಿಗೇನು ಜನ ಕಮ್ಮಿಯೇ? ಹಲ್ಲು ಕಚ್ಚಿಕೊಂಡು ‘ಹೊಸದು’ ಎಂದು ಬರೆದು ಲೋಟಕ್ಕೆ ಹಾಕಿದಳು.

ಚೀಟಿ ಬಿಡಿಸಿದರೆ ಎರಡು ಹಳೇದು, ಎರಡು ಹೊಸದು. ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಅಲ್ವೇ ಮಾರಾಯ್ತಿ! ಹೊಸ ಪಾರ್ಕಲ್ಲಿ ತಣ್ಣಗೆ ಏಸಿ ಹಾಕಿದ ಕೋಣೆ ಇದೆಯಂತೆ. ನಿನಗೋಸ್ಕರ ಅಂತ ಆಸೆ ನುಂಗ್ಕೊಂಡು ಹಳೇದು ಬರೆದೆ ನಾನು. ಇವನೂ ಹಳೇದೇ ಬರೆದಿದ್ದಾನೆ. ನೀನು ನೋಡಿದ್ರೆ ಆ ಕಡೆ ಹಾರಿದ್ಯಾ?”

“ಹೊಸದಕ್ಕೇ ಹೋಗೋಣ ಅತ್ತೆ,” ಎಂದಳು ಅಕ್ಕ. ಮಗಳು ಚೀಟಿಯ ಮೇಲಿದ್ದ ಅಮ್ಮನ ಅಕ್ಷರವನ್ನೇ ನೋಡುತ್ತಿದ್ದಳು. ಗೆದ್ದವಳ ಮುಖ ಹಾಗಿರುವುದಿಲ್ಲ.

ಹೊರಡುವ ದಿನ ಚಪ್ಪಲಿ ಹಾಕಿಕೊಳ್ಳುವಾಗ ಪುಟ್ಟಿ ಅಮ್ಮನ ಹತ್ತಿರ ಬಂದಳು. “ಅಮ್ಮಾ, ಅಲ್ಲಿ ನನ್ನ ಫ್ರೆಂಡ್ಸ್ ಯಾರಾದ್ರೂ ಕೇಳಿದ್ರೆ...” ಎಂದು ಶುರು ಮಾಡಿ ನಿಲ್ಲಿಸಿದಳು.

“ಆಫೀಸಲ್ಲಿ ಕೆಲಸ ಅಂತೀನಿ. ಆಯ್ತಾ?” ಎಂದಳು ಅಕ್ಕ, ಮಗಳ ಕಾಲರು ಸರಿಮಾಡುತ್ತ. ಪುಟ್ಟಿಯ ಮುಖ ಕೆಂಪಾಯಿತು. ಅಮ್ಮನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಹೊಸ ಪಾರ್ಕು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಅಕ್ಕನೂ ಒಪ್ಪಿದಳು, ಆದರೆ ಅವಳ ಕಣ್ಣು ಹೋದದ್ದು ಜನ ನೋಡುವ ಕಡೆಗಲ್ಲ. ಎಲ್ಲರೂ ಆನೆ ಕಣ್ಣು ಮಿಟುಕಿಸುವುದನ್ನು ನೋಡುತ್ತಿದ್ದರೆ ಅವಳು ಕಂಬದ ಬುಡದಲ್ಲಿ ತುಕ್ಕು ಇದೆಯೇ ಎಂದು ಬಗ್ಗಿ ನೋಡಿದಳು. “ರಜೆ ಕಣೇ ಇವತ್ತು,” ಎಂದು ಗಂಡ ರಟ್ಟೆ ಹಿಡಿದು ಎಬ್ಬಿಸಿದ. ಹದ್ದಿನ ಹತ್ತಿರ ಪುಟ್ಟಿಗೆ ಗೆಳತಿಯರು ಸಿಕ್ಕಿದರು. ಅತ್ತೆ, ಗಂಡ ಇಬ್ಬರೂ ಕಟಕಟೆಯಾಚೆ ಬೆಂಚು ಹಿಡಿದರು. ಪುಟ್ಟಿ ಗೆಳತಿಯರೊಂದಿಗೆ ಮುಂದಿನಿಂದ ಎರಡನೇ ಸಾಲಿನಲ್ಲಿ ಕೂತಳು. ಅಕ್ಕ ಅಭ್ಯಾಸದಂತೆ ಹಿಂದಿನ ಸೀಟಿಗೆ ಹೋದಳು.

ಹೋದಳು, ಕೂರಲಿಲ್ಲ. ಮುಂದೆ ಜನ ಸರಳು ಇಳಿಸಿಕೊಳ್ಳುತ್ತಿದ್ದರು. ಆ ಸದ್ದು ಕಿವಿಗೆ ಬಿದ್ದದ್ದೇ ಸಾಕಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ದುಡಿದ ಗುಣವೂ ಹಾಗೇ. ಅವಳ ಕಾಲು ತಾನಾಗಿ ಪಕ್ಕದ ಸೀಟಿಗೆ ನಡೆಯಿತು, ಕೈ ಸರಳು ಹಿಡಿಯಿತು. ಟಕ್, ಟಕ್. ಅದರ ಮುಂದಿನದು. ಟಕ್, ಟಕ್. ಹಿಂದಿನ ಮೂರು ಸಾಲು ಮುಗಿದು, ನಾಲ್ಕನೆಯದರಲ್ಲಿ ಕೂತಿದ್ದ ದಪ್ಪ ಮೀಸೆಯವರಿಗೆ “ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ ಸಾರ್” ಅಂತ ಹೇಳಿಯೂ ಆಗಿತ್ತು.

“ಏ ಮೇಡಂ! ಏನ್ ಮಾಡ್ತಿದ್ದೀರಾ ಅಲ್ಲಿ?” ಗುಂಡಿ ಒತ್ತಲು ನಿಂತಿದ್ದ ಆಪರೇಟರ್ ಕೂಗಿದ.

ಅಕ್ಕ ಬೆಚ್ಚಿ ನೋಡಿದಳು. ಬಂಡಿಗೆ ಕಂದು ಬಣ್ಣ. ಅಯ್ಯೋ, ಇದು ನಮ್ಮ ಹಾವಲ್ಲ! ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಜನ ಗೊಳ್ಳೆಂದು ನಕ್ಕರು. ಎರಡನೇ ಸಾಲಿನಲ್ಲಿ ಪುಟ್ಟಿಯ ಗೆಳತಿಯರೂ ತಿರುಗಿ ನೋಡಿದರು. ಮಗಳ ಮಾನ ತೆಗೆದೆನಲ್ಲ, ಇನ್ನೊಂದು ಸಲ ತೆಗೆದೆನಲ್ಲ ಎಂದು ಅಕ್ಕನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತಲೆ ತಗ್ಗಿಸಿ ತನ್ನ ಸೀಟಿಗೆ ಹೊರಟಳು.

“ಅಮ್ಮಾ, ನಿಂತ್ಕೊಳ್ಳಿ,” ಎಂದರು ಮೀಸೆಯವರ ಮುಂದಿನ ಸಾಲಿನ ಒಬ್ಬ ಅಜ್ಜಿ. ಮೊಮ್ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. “ಹಿಂದಿನೋರದ್ದೆಲ್ಲ ನೋಡಿದ್ರಿ, ನಂದು ಬಿಟ್ರಲ್ಲ. ಒಂಚೂರು ಎಳ್ದು ನೋಡ್ರಮ್ಮ.”

“ಹೌದು, ಈ ಮಗುದೂ ನೋಡಿ,” ಎಂದಿತು ಇನ್ನೊಂದು ದನಿ. “ನಂದೂ ಅಕ್ಕ.”

ಆಪರೇಟರಿಗೆ ರೇಗಿತು. “ನಾವು ನೋಡಿದ್ದೀವಿ ಕಣ್ರೀ ಎಲ್ಲ!”

“ನೀವು ನೋಡಿದ್ರಿ,” ಎಂದರು ಮೀಸೆಯವರು. “ಅವ್ರು ಎಳೆದ್ರು.”

ಈಗ ಜನ ನಕ್ಕದ್ದು ಆಪರೇಟರನ್ನು ನೋಡಿ. ಅವನು ವೇದಿಕೆಯುದ್ದ ದಾಪುಗಾಲು ಹಾಕಿ ಬಂದು ಅಕ್ಕನೆದುರು ನಿಂತ. “ಯಾರಮ್ಮ ನೀವು? ಎಲ್ಲಿ ಕೆಲಸ?”

ಅಕ್ಕ ಎರಡನೇ ಸಾಲಿನ ಕಡೆ ನೋಡಲಿಲ್ಲ. ಕೊಟ್ಟ ಮಾತು ನೆನಪಿತ್ತು. “ನಾನಾ? ನಾನು... ಆಫೀಸಲ್ಲಿ...” ಎಂದಳು.

“ಆಫೀಸಲ್ಲ!”

ಕೂಗಿದ್ದು ಪುಟ್ಟಿ. ಸರಳಿನ ಹಿಂದೆ ಸಿಕ್ಕಿಕೊಂಡಿದ್ದವಳು ಆದಷ್ಟೂ ಹಿಂದಕ್ಕೆ ತಿರುಗಿದ್ದಳು. ದನಿ ಇಡೀ ಬಂಡಿಗೆ ಕೇಳಿಸುವಷ್ಟಿತ್ತು.

“ಆಫೀಸಲ್ಲ ಅಂಕಲ್. ನಮ್ಮಮ್ಮ ರೈಡ್ ಮೆಕ್ಯಾನಿಕ್. ಎದುರಿನ ಪಾರ್ಕಲ್ಲಿ ಹಾವು ಇದೆಯಲ್ಲ, ಅದು ನಮ್ಮಮ್ಮ ಸರಿ ಅನ್ನೋ ತನಕ ಒಂದಿಂಚು ಅಲ್ಲಾಡಲ್ಲ. ದಿನಾ ಬೆಳಿಗ್ಗೆ ತುದಿ ತನಕ ಹತ್ತಿ ನೋಡ್ತಾರೆ. ಅವತ್ತು ಮೇಲಿಂದ ಕೈ ಬೀಸಿದ್ರಲ್ಲ,” ಎಂದು ಗೆಳತಿಯರ ಕಡೆ ತಿರುಗಿ, “ಅದು ಇವ್ರೇ. ನಮ್ಮಮ್ಮ.”

ಗೆಳತಿಯರು ಕಣ್ಣರಳಿಸಿದರು. “ಅಷ್ಟು ಮೇಲಾ?” ಎಂದಳೊಬ್ಬಳು. ಕಟಕಟೆಯಾಚೆ ಬೆಂಚಿನ ಮೇಲೆ ಅತ್ತೆ ಮಂಡಿನೋವು ಮರೆತು ಎದ್ದು ನಿಂತು, “ನಮ್ಮ ಸೊಸೆ ಕಣ್ರೀ!” ಎಂದು ಸಾಲಿನಲ್ಲಿದ್ದವರಿಗೆಲ್ಲ ಸಾರಿದರು.

ಆಪರೇಟರಿನ ಗಂಟುಮುಖ ಸಡಿಲವಾಯಿತು. ಒಂದೇ ಕಸುಬಿನವರು, ಏನು ಮಾಡುತ್ತಾನೆ? “ಹಾವಿನೋರಾ ನೀವು? ಹೇಳ್ಬಾರ್ದಾ ಮೊದ್ಲೇ! ನೋಡಿ ಮೇಡಂ, ಪೂರ್ತಿ ನೋಡಿ. ನಮ್ಮಲ್ಲೂ ಏನೂ ಹೆಚ್ಚುಕಮ್ಮಿ ಇರಲ್ಲ,” ಎಂದು ಪಕ್ಕಕ್ಕೆ ಸರಿದ.

ಹೆಚ್ಚುಕಮ್ಮಿ ಇರಲೂ ಇಲ್ಲ. ಅಜ್ಜಿಯದು, ಮೊಮ್ಮಗನದು, ಅದರ ಮುಂದಿನವರದು, ಎಲ್ಲವನ್ನೂ ಎರಡೆರಡು ಸಲ ಎಳೆದಳು. ಒಂದೊಂದು ಸರಳೂ ಬಂಡೆಯ ಹಾಗೆ ನಿಂತಿತ್ತು. “ಚೆನ್ನಾಗಿ ಇಟ್ಕೊಂಡಿದ್ದೀರಿ,” ಎಂದು ಆಪರೇಟರಿಗೆ ಮನಸಾರೆ ಹೇಳಿದಳು. ಅವನೂ ಎದೆಯುಬ್ಬಿಸಿದ.

ಎರಡನೇ ಸಾಲಿಗೆ ಬಂದಾಗ ಗೆಳತಿಯರು, “ಆಂಟಿ, ನಂದು ಮೊದ್ಲು, ನಂದು ಮೊದ್ಲು” ಎಂದು ಮುಗಿಬಿದ್ದರು. ಕೊನೆಗೆ ಉಳಿದದ್ದು ಪುಟ್ಟಿ. ಹದಿನೆಂಟು ವರ್ಷದಲ್ಲಿ ಎಷ್ಟೋ ಲಕ್ಷ ಸರಳು ಎಳೆದ ಕೈ, ಮಗಳ ಸರಳಿನ ಮೇಲೆ ಬಂದಾಗ ಸೋತುಹೋಯಿತು. ಹೆಮ್ಮೆ ಉಕ್ಕಿ ಎಳೆಯಲು ಬಲವೇ ಬರಲಿಲ್ಲ. ಪುಟ್ಟಿ ತನ್ನ ಎರಡೂ ಕೈಯನ್ನು ಆ ಒರಟು ಕೈಯ ಮೇಲಿಟ್ಟಳು. ಅಮ್ಮ, ಮಗಳು ಸೇರಿ ಎರಡು ಸಲ ಎಳೆದರು.