ದೋಹಾಕ್ಕೆ ಹೋಗುವ ಕಾಳು ಸುರತ್ಕಲ್‌ಗೆ ಹೋಗದೇ?

ಟಿಶ್ಯೂ ಪೇಪರಿನಲ್ಲಿ ಸುತ್ತಿದ ಏಳು ಭತ್ತದ ಕಾಳು. ಒಂದಕ್ಕೆ ಇನ್ನೂ ಹಸಿರು ತೊಟ್ಟು ಅಂಟಿಕೊಂಡಿತ್ತು.

ಡ್ಯಾಡಿ ಅದನ್ನು ಕವರಿಗೆ ಹಾಕಿ, ದೋಹಾದಲ್ಲಿ ನರ್ಸ್ ಆಗಿರುವ ನಮ್ಮ ಮಾವ್ಶಿಯ (ಮಮ್ಮಿಯ ತಂಗಿ) ವಿಳಾಸ ಬರೆದರು. ಮೇರಿ ಮಾತೆ ಹುಟ್ಟಿದ ಮೊಂತಿ ಹಬ್ಬಕ್ಕೆ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಇದೊಂದು ಪದ್ಧತಿ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಸೇರಿಸಿ ಊಟಕ್ಕೆ ಮೊದಲು ಎಲ್ಲರೂ ಕುಡಿಯಬೇಕು. ದೂರ ಇರುವವರಿಗೆ ಕಾಳನ್ನು ಕಳಿಸಬೇಕು. ಮನೆಯವರು ಎಂದ ಮೇಲೆ ಪಾಲು ತಪ್ಪಬಾರದು.

ಸರಿ. ಹಾಗಾದರೆ ಸುರತ್ಕಲ್‌ನಲ್ಲಿರುವ ನನ್ನ ಅಣ್ಣನ ಪಾಲು?

ದೋಹಾ ಸಮುದ್ರದಾಚೆ. ಸುರತ್ಕಲ್ ನಮ್ಮ ಬಲ್ಮಠದ ಮನೆಯಿಂದ ಬಸ್ಸಿನ ದಾರಿ. ಆದರೂ ಎರಡರಲ್ಲಿ ದೂರ ಯಾವುದು ಎಂದು ನಮ್ಮ ಮಮ್ಮಿಯನ್ನು ಕೇಳಬೇಕು.

ಅಣ್ಣನ ಹೆಸರು ರೋಹನ್ ಎಂದಿಟ್ಟುಕೊಳ್ಳಿ. ಅವನು ನಮ್ಮ ಚರ್ಚು ಬಿಟ್ಟು ಬೇರೊಂದು ಪ್ರಾರ್ಥನಾ ಗುಂಪು ಸೇರಿದ್ದಾನೆ. ಕಳೆದ ವರ್ಷ ಇದೇ ಹಬ್ಬದ ದಿನ, "ಮಾತೆಯ ಮೂರ್ತಿಯ ಮುಂದೆ ಇಟ್ಟದ್ದು ನನಗೆ ಬೇಡ. ನನಗೆ ದೇವರ ಮಾತೇ ಕೊನೆ" ಎಂದು ಎಲೆಯ ಮುಂದಿನಿಂದ ಎದ್ದ. "ನನಗೂ ದೇವರ ಮಾತೇ ಕೊನೆ. ಹೋಗು" ಎಂದರು ಡ್ಯಾಡಿ. ಇಬ್ಬರದ್ದೂ ಒಂದೇ ಡೈಲಾಗ್! ಅಂದಿನಿಂದ ಮಾತಿಲ್ಲ. ಮಮ್ಮಿ ಮಾತ್ರ ಈ ವರ್ಷವೂ ಒಂದು ಎಲೆ ಜಾಸ್ತಿ ತೊಳೆದು, ಒರೆಸಿ, ಬದಿಗಿಟ್ಟರು.

(ಡ್ಯಾಡಿ, ಅಣ್ಣ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. "ನಾನು ಹೇಳಿದ್ದೇ ಸರಿ ಅಂತ ಬರಿ" ಎಂದು ಇಬ್ಬರೂ ಹೇಳಿದ್ದಾರೆ.)

ನಮ್ಮದು ಎಲ್ಲವನ್ನೂ ದೇವರಲ್ಲಿ ಕೇಳುವ ಮನೆ. ಹೊಸ ಫ್ರಿಜ್ ಕೊಳ್ಳುವ ಮೊದಲೂ ಒಂದು ಜಪಮಾಲೆ ಆಗುತ್ತದೆ. ನಗಬೇಡಿ, ನಾನೂ ಹಾಗೆಯೇ. ಎಂ.ಎಸ್ಸಿ. ಮಾಡಿದವಳು, ಅಂಕಿಅಂಶದ ನಡುವೆ ಕೆಲಸ. ಆದರೂ ಕೆಲಸ ಬದಲಿಸುವಾಗ ಕಣ್ಣುಮುಚ್ಚಿ ಕೇಳಿದ್ದೇನೆ. ಕೊನೆಯ ಮಾತು ನನ್ನದಲ್ಲ ಎಂಬುದು ನನಗೆ ಭಾರವಲ್ಲ, ದೊಡ್ಡ ನೆಮ್ಮದಿ. ಆದರೆ ಆ ಕೊನೆಯ ಮಾತನ್ನು ದೇವರ ಪರವಾಗಿ ನಾವೇ ಆಡಿಬಿಟ್ಟರೆ?

ಮೊನ್ನೆ ಕವರು ಅಂಟಿಸುವಾಗ ಮಮ್ಮಿ ಮೆಲ್ಲಗೆ, "ರೋಹನ್‌ಗೆ ಸ್ವಲ್ಪ..." ಎಂದರು.

"ಅವನು ತಗೊಳ್ಳುವುದಿಲ್ಲ ಮಾರಾಯ್ತಿ. ಬಿಸಾಡಿದರೆ ಎಂತ ಮಾಡುವುದು? ಆಶೀರ್ವಾದ ಮಾಡಿದ ಕಾಳು. ಹಾಳುಮಾಡ್ಲಿಕ್ಕೆ ನನಗೆ ಅಧಿಕಾರ ಇಲ್ಲ."

ನಾನು ನಮ್ಮ ಮನೆಯಲ್ಲಿ ಮಾತು ಕಡಿಮೆ ಆಡುವವಳು. ಅವತ್ತು ಎಲ್ಲಿಂದ ಬಂತೋ!

"ಅವನ ಪಾಲು ಹಿಡಿದಿಟ್ಟುಕೊಳ್ಳಲಿಕ್ಕೆ ಅಧಿಕಾರ ಉಂಟಾ ಡ್ಯಾಡಿ?"

"ಎಂತ? ನಿನಗೂ ಬಾಯಿ ಬಂತಾ?"

"ಬೆಳೆ ಕೊಟ್ಟದ್ದು ದೇವರು. ಮಗನನ್ನು ಕೊಟ್ಟದ್ದೂ ದೇವರು. ನಾವು ಬರೀ ಕೊರಿಯರ್‌ನವರು, ಅಲ್ವಾ?"

"ಅವನು ಬೇಡ ಅಂದರೆ?"

"ಅದು ಅವನಿಗೂ ದೇವರಿಗೂ ಬಿಟ್ಟದ್ದು. ಕೊಡುವುದು ಮಾತ್ರ ನಮ್ಮ ಕೆಲಸ."

ಮಮ್ಮಿ ನಗು ತಡೆಯಲಾಗದೆ ಅಡುಗೆಮನೆಗೆ ಹೋದರು. ಡ್ಯಾಡಿ ನನ್ನ ಮುಖ ನೋಡಲಿಲ್ಲ. ಸಂಜೆ ಜಪಮಾಲೆ ಮುಗಿದ ಮೇಲೆ ಗೋಡೆಯ ಕ್ರೂಸಿನ (ಶಿಲುಬೆಯ) ಹಿಂದೆ ಸಿಕ್ಕಿಸಿದ್ದ ತೆನೆ ತೆಗೆದು, ಸ್ಟೂಲಿನ ಮೇಲೆ ಕುಳಿತು ಉಗುರಿನಲ್ಲಿ ಸುಲಿಯತೊಡಗಿದರು. ಸಿಪ್ಪೆಯೆಲ್ಲ ಊದಿ ತೆಗೆದರು. "ತೆಂಗಿನ ಹಾಲು ಬೇಡ, ದಾರಿಯಲ್ಲಿ ಹುಳಿ ಬರ್ತದೆ" ಎಂದು ಸ್ಟೀಲ್ ಡಬ್ಬಿ ನನ್ನ ಕೈಗಿಟ್ಟರು.



ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ ಸುರತ್ಕಲ್ ಬಸ್ ಹತ್ತಿದೆ. ಡಬ್ಬಿ ಮಡಿಲಲ್ಲಿ. ಕಂಡಕ್ಟರ್ ಪ್ರತಿ ಸ್ಟಾಪ್ ಕೂಗಿದಾಗಲೂ ಇಳಿದು ಓಡೋಣ ಅನಿಸುತ್ತಿತ್ತು, ಮುಂದಕ್ಕೋ ಹಿಂದಕ್ಕೋ ಗೊತ್ತಿಲ್ಲ.

ಅಣ್ಣ ಬಾಗಿಲು ತೆಗೆದ. ಡಬ್ಬಿ ತೆರೆದ. ಅವನಿಗೆ ಎಲ್ಲ ಅರ್ಥವಾಯಿತು.

"ನೀನು ತಂದದ್ದಾ, ಡ್ಯಾಡಿ ಕೊಟ್ಟದ್ದಾ?"

"ಡ್ಯಾಡಿ ಸುಲಿದು ಕೊಟ್ಟದ್ದು."

ಅವನು ಕಾಳನ್ನು ಅಂಗೈಗೆ ಸುರಿದುಕೊಂಡು ತನ್ನ ರೀತಿಯಲ್ಲಿ ಪ್ರಾರ್ಥಿಸಿದ. ಗಟ್ಟಿಯಾಗಿ. (ಆ ಗುಂಪಿನವರ ಪ್ರಾರ್ಥನೆ ಸ್ವಲ್ಪ ಉದ್ದವೇ.) ನಡುವೆ ಎಲ್ಲೋ ಡ್ಯಾಡಿಯ ಹೆಸರು ಕೇಳಿಸಿತು. ಆಮೇಲೆ ಎಲ್ಲವನ್ನೂ ಬಾಯಿಗೆ ಹಾಕಿ, ಹಸಿಯಾಗಿಯೇ ಅಗಿದ.

ಒಂದೇ ಕಾಳಿಗೆ ಎರಡು ಸಲ ಆಶೀರ್ವಾದ. ಮೇಲಿರುವವನು ಏನಾದರೂ ಆಕ್ಷೇಪ ಎತ್ತಿದನೇ?