ಮೇಲಕ್ಕೆ ಬಾಗಿದ ಕೊಕ್ಕು

ನಮ್ಮ ಮಾವನವರು ಪುಣೆಯ ಹತ್ತಿರ ದೇಹೂ ರೋಡಿನ ಮಿಲಿಟರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದಸರಾ ಬಂದು ಹೊಳೆಯ ನೀರು ಇಳಿಯಿತೆಂದರೆ ಭಾನುವಾರ ಬೆಳಗ್ಗೆ ಅವರನ್ನು ಮನೆಯಲ್ಲಿ ಹಿಡಿದು ನಿಲ್ಲಿಸುವಂತಿರಲಿಲ್ಲ. ಶಿವಾಜಿನಗರದಿಂದ ಬಸ್ಸು ಹಿಡಿದು ಮುಳಾ-ಮುಠಾ ಹೊಳೆಯ ದಂಡೆಗೆ ಹೋಗಿ, ಅಲ್ಲಿ ಬಂದಿಳಿದ ನೀರುಹಕ್ಕಿಗಳನ್ನು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಂಡು ಊಟದ ಹೊತ್ತಿಗೆ ಬರುತ್ತಿದ್ದರು.

ಅವರ ನಿಯಮ ಬಲು ಬಿಗಿ. ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುವುದು. ಕಂಡದ್ದರಲ್ಲೂ ಎಳ್ಳಷ್ಟು ಅನುಮಾನವಿದ್ದರೆ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಪುಟ ತಿರುಗಿಸಿದಲ್ಲೆಲ್ಲ ಅಂಥ ಚಿಹ್ನೆಗಳು. ಇಷ್ಟು ಅನುಮಾನದ ಮನುಷ್ಯ ತರಕಾರಿ ಮಂಡಿಯಲ್ಲಿ ಬದನೆಕಾಯಿ ಹೇಗೆ ಆರಿಸುತ್ತಾರೋ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಧಾರವಾಡದಿಂದ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಆ ವರ್ಷ ದಸರಾಕ್ಕೆ ಮೊದಲೇ ಮಾವನವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ನೋವಿಗಿಂತ ಭಾನುವಾರಗಳು ತಪ್ಪುತ್ತವಲ್ಲ ಎಂಬುದೇ ಅವರಿಗೆ ಸಂಕಟ. ನನ್ನ ಗಂಡನಿಗೆ ಪಿಂಪ್ರಿಯ ಕಾರ್ಖಾನೆಯಲ್ಲಿ ವಾರವೆಲ್ಲ ದುಡಿತ. ಭಾನುವಾರ ಅವರನ್ನು ಎಬ್ಬಿಸುವುದು ದೇವರಿಂದಲೂ ಆಗದ ಕೆಲಸ. ಕಡೆಗೆ ನಾನೇ ಹೋಗುತ್ತೇನೆ ಅಂದೆ.

"ನನಗ ಹಕ್ಕಿ ಹೆಸರ ಗೊತ್ತಿಲ್ಲರಿ ಮಾವಾರ," ಅಂದರೆ, "ಹೆಸರಿನ ಉಸಾಬರಿ ನಿನಗ ಬ್ಯಾಡ ಅವ್ವಾ. ಕೊಕ್ಕು ಹ್ಯಾಂಗದ, ಕಾಲಿನ ಬಣ್ಣ ಯಾವುದು, ಅಷ್ಟ ನೋಡಿಕೊಂಡು ಬಾ," ಅಂದು ತಮ್ಮ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು.

ಮೊದಲ ಎರಡು ವಾರ ನಾನು ಕಂಡದ್ದೆಲ್ಲ ದಿನವೂ ಕಾಣುವ ಹಕ್ಕಿಗಳೇ. ಮನೆಗೆ ಬಂದರೆ ಪೊಲೀಸ್ ಫೌಜದಾರನ ಹಾಗೆ ವಿಚಾರಣೆ ಬೇರೆ. ಮೂರನೆಯ ಭಾನುವಾರ, ಮಡಿವಾಳರು ಬಟ್ಟೆ ಒಗೆಯುವ ಕಲ್ಲುಗಳ ಆಚೆ, ಆಳವಿಲ್ಲದ ನೀರಿನಲ್ಲಿ ಒಂಟಿ ಹಕ್ಕಿಯೊಂದು ನಿಂತಿತ್ತು. ಬಿಳಿಯ ಮೈ, ಅದರ ಮೇಲೆ ಕಪ್ಪು ಪಟ್ಟೆ. ಉದ್ದನೆಯ ಕಾಲು, ತಿಳಿನೀಲಿ. ಸಪೂರ ಕೊಕ್ಕಿನ ತುದಿ ಮೇಲಕ್ಕೆ ಬಾಗಿತ್ತು. ಅದು ಕಸ ಗುಡಿಸುವವರಂತೆ ಕೊಕ್ಕನ್ನು ಅತ್ತ ಇತ್ತ ಬೀಸುತ್ತ ನಡೆಯಿತು. ಎಷ್ಟು ಹೊತ್ತು ನಿಂತೆನೋ, ಸೀರೆಯ ಅಂಚು ನೆನೆದದ್ದೂ ತಿಳಿಯಲಿಲ್ಲ. ನನಗೆ ಅಷ್ಟು ಸಂತೋಷವಾಗಿದ್ದು ಪುಣೆಗೆ ಬಂದ ಮೇಲೆ ಅದೇ ಮೊದಲು.

ಮನೆಗೆ ಬಂದು ಬಾಯಿಮಾತಿನಲ್ಲಿ ಹೇಳಿದೆ. ಮಾವನವರು ಹುಬ್ಬೇರಿಸಿ, ಬರೆದು ತೋರಿಸು ಅಂದರು. ಚಿತ್ರ ಬರೆಯಲು ಕೂತರೆ ಹಕ್ಕಿ ಹೋಗಿ ಮುರಿದ ಕೊಡೆಯಾಯಿತು. ಸಿಟ್ಟು ಬಂತು. ಪೆನ್ಸಿಲು ಎಸೆದು, ಕೈಮಗ್ಗದ ಕಂದು ಕುಬಸದ ತುಂಡು ತೆಗೆದುಕೊಂಡು ಸೂಜಿ ಹಿಡಿದೆ. ಧಾರವಾಡದ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳೆಲ್ಲ ಕಸೂತಿ ಹಾಕುವವರೇ. ಬಟ್ಟೆಯ ಎಳೆ ಎಣಿಸಿ, ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಬಟ್ಟೆಯ ಮೇಲೆ ನಿಂತಿತು.

ಅಂದು ಸಂಜೆ ಮಾವನವರ ಹಕ್ಕಿಯ ಗೆಳೆಯರಿಬ್ಬರು ಚಹಾಕ್ಕೆ ಬಂದಿದ್ದರು. ಮಾವನವರು ಬಟ್ಟೆಯನ್ನು ಅವರ ಮುಂದೆ ಹರವಿದರು. ಇಬ್ಬರಲ್ಲಿ ಹಿರಿಯರು ಕನ್ನಡಕ ಏರಿಸಿ ನೋಡಿ, ನಕ್ಕು, ಸೊಸೆಯನ್ನು ಕರೆಯುವ ಹಾಗೆ ಕರೆದು ಮರಾಠಿಯಲ್ಲಿ ಅಂದರು: "ಸೂನಬಾಯಿ, ಇಂಥ ಕೊಕ್ಕಿನ ಹಕ್ಕಿಗೆ ಅವೊಸೆಟ್ ಅನ್ನುತ್ತಾರೆ, ಅದು ನಮ್ಮ ಈ ಹೊಳೆಗೆ ಬರುವುದಿಲ್ಲ. ನೀವು ನೋಡಿದ್ದು ಕೆಂಪು ಕಾಲಿನ, ನೆಟ್ಟಗಿನ ಕೊಕ್ಕಿನ ಮಾಮೂಲಿ ಹಕ್ಕಿ. ಕೊಕ್ಕು ಬಾಗಿಸಿದ್ದು ನಿಮ್ಮ ಸೂಜಿ."

ನನ್ನ ಮುಖ ಉರಿಯಿತು. ಜಗಳ ಆಡಲು ಮಾತು ಬೇಕಲ್ಲ, ನನ್ನ ಮರಾಠಿ ಆಗ ತರಕಾರಿ ಚೌಕಾಶಿಗೆ ಸಾಲುವಷ್ಟೇ. ಅವರು ಹೇಳಿದ್ದನ್ನೇ ಮಾವನವರೂ ಹೇಳಿದರೆ ಈ ಮನೆಯಲ್ಲಿ ನನ್ನ ಮಾತಿಗೆ ಮುಂದೆಂದೂ ಬೆಲೆ ಇರುವುದಿಲ್ಲ ಅನ್ನಿಸಿತು. ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಮಾವನವರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೊಕ್ಕಿನ ಹೊಲಿಗೆಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿದರು. ಹಿಂದುಮುಂದು ಮಾಡಿ ನೋಡಿದರು.

"ನಮ್ಮವ್ವನೂ ಕಸೂತಿ ಹಾಕ್ತಿದ್ಲು," ಎಂದು ನನ್ನ ಕಡೆ ತಿರುಗಿದರು. "ಕಸೂತ್ಯಾಗ ನೆಟ್ಟನ ಗೆರಿ ಹಾಕೂದು ಭಾಳ ಸಲೀಸು. ಹಿಂಗ ಬಾಗಸಬೇಕಂದ್ರ ಎಳಿ ಎಣಿಸಿ ಎಣಿಸಿ ಹಾಕಬೇಕು. ನೋಡಲಾರದ ಯಾರು ಅಷ್ಟು ತ್ರಾಸು ತಗೋತಾರ? ಕಾಲಿಗೂ ನೀಲಿ ದಾರನ ಹುಡುಕಿ ಹಾಕೀದಿ."

ಗೆಳೆಯರಿಗೂ ಅದನ್ನೇ ಮರಾಠಿಯಲ್ಲಿ ಹೇಳಿ, ನೋಟುಬುಕ್ಕು ತರಲು ನನಗೆ ಹೇಳಿದರು. ಹಿರಿಯರು ತಡೆದರು: "ನೀವು ಕಣ್ಣಾರೆ ಕಂಡಿಲ್ಲವಲ್ಲ?"

"ಈಗ ಕಂಡೆನಲ್ಲ," ಅಂದರು ಮಾವನವರು.

ಮುಂದಿನ ಭಾನುವಾರ ಗೆಳೆಯರಿಬ್ಬರೂ ನನ್ನ ಜೊತೆ ಬಂದರು. ಬಿಸಿಲೇರುವವರೆಗೂ ಹುಡುಕಿದೆವು. ಹಕ್ಕಿ ಇರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ. ಎಂಬತ್ತರ ದಶಕದುದ್ದಕ್ಕೂ ನಾನು ಮಾವನವರ ಜೊತೆ ಅದೇ ದಂಡೆಗೆ ಹೋದೆ, ಅಪರೂಪದವು ಎಷ್ಟೋ ಕಂಡೆವು, ಮೇಲಕ್ಕೆ ಬಾಗಿದ ಆ ಕೊಕ್ಕು ಮಾತ್ರ ಮತ್ತೆ ಕಾಣಲಿಲ್ಲ. ನಾನು ನಿಜ ಹೇಳಿದ್ದೆನೆಂದು ತೋರಿಸಿಕೊಡುವ ಅವಕಾಶ ನನಗೆ ಸಿಗಲೇ ಇಲ್ಲ. ಮಾವನವರೂ ಅಂಥ ಸಾಕ್ಷಿಯನ್ನು ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ನಾನು ಅವರಿಗೆ ಎಷ್ಟು ಋಣಿ ಎಂದು ಅವರಿರುವಾಗ ಹೇಳಲು ಬಾಯಿ ಬರಲಿಲ್ಲ, ಈಗ ಹೇಳುತ್ತಿದ್ದೇನೆ.

ಅವರು ಹೋದ ಮೇಲೆ ನೋಟುಬುಕ್ಕು ನನ್ನ ಪಾಲಿಗೆ ಬಂತು. ಉಳಿದ ಪುಟಗಳೆಲ್ಲ ಇಂಗ್ಲಿಷಿನಲ್ಲಿವೆ, ಆ ಒಂದು ಸಾಲು ಕನ್ನಡದಲ್ಲಿದೆ: "ಅವೊಸೆಟ್, ಒಂದು. ನೋಡಿದವರು: ನನ್ನ ಸೊಸೆ." ಅದರ ಮೇಲಿನ ಸಾಲಿನಲ್ಲಿ ಹಿಂದಿನ ವರ್ಷ ಅವರೇ ಕಂಡ ಒಂದು ಬಾತು ಇದೆ, ಅದರ ಮುಂದೆ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. ನನ್ನ ಹಕ್ಕಿಯ ಮುಂದೆ ಚಿಹ್ನೆಯಿಲ್ಲ.